ಮಡಿಲಕ್ಕಿ ಇಲ್ಲದೆ ಬಂದವಳು

ಬಸ್ಸಿನಲ್ಲಿ ಪಕ್ಕದ ಸೀಟಿನವರು ನಿಮ್ಮದು ಏನು ಕೆಲಸ ಎಂದು ಕೇಳಿದರೆ ನಾನು ಸಾಮಾನ್ಯವಾಗಿ ಹಾಸ್ಟೆಲ್ ವಾರ್ಡನ್ ಎಂದುಬಿಡುತ್ತೇನೆ. ಸುಳ್ಳೇನಲ್ಲ, ಪೂರ್ತಿ ನಿಜವೂ ಅಲ್ಲ. ಬುದ್ಧಿ ಬೆಳವಣಿಗೆ ಕಡಿಮೆ ಇರುವ ದೊಡ್ಡವರು ನಾಲ್ಕು ಜನರಂತೆ ಮನೆಯಲ್ಲಿ ಬದುಕಲಿ ಎಂದು ಒಂದು ಸಂಸ್ಥೆ ಬಾಡಿಗೆಗೆ ಹಿಡಿದಿರುವ ಮನೆಗಳಿವೆ. ಚಿತ್ರದುರ್ಗದಲ್ಲಿ ಒಂದು, ಹಿರಿಯೂರಿನಲ್ಲಿ ಒಂದು, ಹೊಳಲ್ಕೆರೆಯಲ್ಲಿ ಒಂದು. ಒಂದೊಂದರಲ್ಲೂ ನಾಲ್ಕೈದು ಹೆಂಗಸರಿರುತ್ತಾರೆ, ಅವರನ್ನು ನೋಡಿಕೊಳ್ಳುವವರು ಇಬ್ಬರು. ಆ ಮೂರು ಮನೆಗಳ ನಡುವೆ ಬಸ್ಸು ಹತ್ತಿ ಇಳಿಯುತ್ತ, ಯಾರಿಗೆ ಜ್ವರ, ಯಾರ ಫಿಟ್ಸ್ ಮಾತ್ರೆ ಮುಗಿಯಿತು, ಎಲ್ಲಿ ಸಿಲಿಂಡರ್ ಖಾಲಿಯಾಯಿತು, ಹಬ್ಬಕ್ಕೆ ಕರೆದುಕೊಂಡು ಹೋಗುತ್ತೇವೆಂದವರು ಯಾಕೆ ಬರಲಿಲ್ಲ ಎಂಬುದನ್ನೆಲ್ಲ ನೋಡುವವಳು ನಾನು. ಇಷ್ಟನ್ನೂ ಬಿಡಿಸಿ ಹೇಳಿದರೆ ಪಕ್ಕದವರು "ಅಯ್ಯೋ ಪಾಪ" ಎಂದು ಮುಖ ಸಣ್ಣದು ಮಾಡುತ್ತಾರೆ. ಆ ಅಯ್ಯೋ ಪಾಪ ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬೆಳಿಗ್ಗೆ ಎದ್ದು ಹಲ್ಲುಜ್ಜಿ, ಚಿತ್ರಾನ್ನ ತಿಂದು, ಟೀವಿ ರಿಮೋಟಿಗಾಗಿ ಜಡೆ ಹಿಡಿದು ಜಗಳ ಆಡುವವರಿಗೆ ಪಾಪ ಯಾಕೆ? ಅದಕ್ಕೇ ವಾರ್ಡನ್ ಅಂದು ಸುಮ್ಮನಾಗುತ್ತೇನೆ.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. ನಾನು ತುರುವನೂರು ಕಡೆಯವಳು. ಆ ಊರಿನವರು ಬ್ರಿಟಿಷರಿಗೇ ಬಗ್ಗಲಿಲ್ಲ, ಇನ್ನು ಇವಳು ನನಗೆಲ್ಲಿ ಬಗ್ಗುತ್ತಾಳೆ ಎಂದು ನನ್ನ ಯಜಮಾನರು ಬಂದವರ ಮುಂದೆಲ್ಲ ಹೇಳಿ ನಗುತ್ತಾರೆ. ಈ ಕೆಲಸಕ್ಕೆ ಬಹಳ ತಾಳ್ಮೆ ಬೇಕಲ್ಲವೇ ಎಂದು ಜನ ಕೇಳುತ್ತಾರೆ. ಬೇಕು. ನನ್ನ ಹತ್ತಿರ ಅದು ಇರಲಿಲ್ಲ. ಈ ಮನೆಗಳಲ್ಲಿ ಇರುವವರೇ ನನಗೆ ಅದನ್ನು ಅಷ್ಟಿಷ್ಟು ಕೊಟ್ಟರು, ಅವರಿಂದ ಇಸಿದುಕೊಂಡೇ ನಾನು ಇಷ್ಟು ವರ್ಷ ನಡೆಸಿದ್ದೇನೆ. ಅವರಲ್ಲಿ ಒಬ್ಬಳ ಸಂಗತಿ ಇಲ್ಲಿ ಬರೆಯುತ್ತೇನೆ. ಬರೆಯದಿದ್ದರೆ ನನಗೆ ಸಮಾಧಾನವಿಲ್ಲ.

ಅವಳು ಧರ್ಮಪುರದ ಆಚೆ, ಆಂಧ್ರದ ಗಡಿಗೆ ಹತ್ತಿರದ ಒಂದು ಹಳ್ಳಿಯವಳು. ಹುಡುಗಿ ಎನ್ನುತ್ತೇನೆ, ವಯಸ್ಸು ಮೂವತ್ತು ದಾಟಿತ್ತು. ಮಾತು ಬಹಳ ಕಡಿಮೆ. ಅವ್ವ, ನೀರು, ಬ್ಯಾಡ, ಬಾ, ಹೆಚ್ಚೆಂದರೆ ಇನ್ನೂ ಒಂದೆರಡು. ಫಿಟ್ಸ್ ಇತ್ತು. ಒಂದು ಸಲ ಒಲೆಯ ಮುಂದೆ ಬಿದ್ದು ಮೊಣಕೈ ತನಕ ಸುಟ್ಟುಕೊಂಡಿದ್ದಳು. ಅವಳನ್ನು ನೋಡಿಕೊಂಡಿದ್ದವಳು ವಿಧವೆ ತಾಯಿ. ಆ ತಾಯಿ ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡ ಮೇಲೆ ಕೋಲು ಹಿಡಿದು ನಡೆಯುವಂತಾಯಿತು. ಅಣ್ಣ ಟೆಂಪೊ ಓಡಿಸುತ್ತಾನೆ, ಅತ್ತಿಗೆ ಗಾರ್ಮೆಂಟ್ಸಿಗೆ ಹೋಗುತ್ತಾಳೆ. ಹಗಲೆಲ್ಲ ಮನೆಯಲ್ಲಿ ತಾಯಿ ಮಗಳು ಇಬ್ಬರೇ. ನಾನು ಮೊದಲ ಸಲ ಅವರ ಮನೆಗೆ ಹೋದಾಗ ಆ ತಾಯಿ ನನ್ನ ಮುಖ ನೋಡದೆ, ಶೇಂಗಾ ಬಿಡಿಸುತ್ತ ಒಂದೇ ಮಾತು ಹೇಳಿದ್ದಳು.

"ಅವ್ಳು ಬೆಂಕಿ ಮ್ಯಾಲೆ ಬಿದ್ರೆ ನೋಡ್ತಾ ಕುಂತಿರ್ಬೇಕು ಕಣ್ರೀ ನಾನು. ಎತ್ತಕೆ ಆಗಲ್ಲ."

ಅದಕ್ಕಿಂತ ಹೆಚ್ಚಿನ ಕಾರಣ ನನಗೆ ಬೇಕಿರಲಿಲ್ಲ. ಹಿರಿಯೂರಿನ ಮನೆಯಲ್ಲಿ ಒಂದು ಜಾಗ ಖಾಲಿಯಿತ್ತು, ಅದನ್ನು ಅವಳಿಗೆ ಕೊಡಿಸಿದೆ.

ಅವಳನ್ನು ಕರೆತಂದವನು ಅಣ್ಣ. ತಾಯಿಗೆ ಅಷ್ಟು ದೂರ ಕೂತು ಬರಲು ಆಗುತ್ತಿರಲಿಲ್ಲ. ನಮ್ಮ ಜನರದು ಒಂದು ಪದ್ಧತಿಯಿದೆ, ಕಣ್ಣು ತಪ್ಪಿಸಿ ಹೋಗುವುದು. ಮಗುವನ್ನು ಅಂಗನವಾಡಿಗೆ ಬಿಟ್ಟರೂ ಹಾಗೆ, ಕರುವನ್ನು ಮಾರಿದರೂ ಹಾಗೆ. ಹೇಳಿದರೆ ಅಳುತ್ತಾರೆ, ಅಳಿಸಿ ಹೋಗಬಾರದು, ಅದಕ್ಕೆ ಹೇಳದೆ ಹೋಗು. ಆ ಅಣ್ಣನೂ ಆಸ್ಪತ್ರೆಗೆ ಹೋಗೋಣ ಬಾ ಎಂದು ಅವಳನ್ನು ಹೊರಡಿಸಿದ್ದ. ನಮ್ಮಲ್ಲಿಗೆ ಬಂದು, ಅವಳು ಟೀ ಕುಡಿಯುತ್ತ ಕೂತಿದ್ದಾಗ ಹಿತ್ತಲಿನಿಂದ ಹೊರಟುಹೋದ. ಅವನ ಕಣ್ಣಲ್ಲೂ ನೀರಿತ್ತು ಎಂದು ನಮ್ಮ ಬಬ್ಬೂರಿನ ಅಕ್ಕ ಆಮೇಲೆ ಹೇಳಿದಳು. ಈ ಅಕ್ಕ ಹಿರಿಯೂರು ಮನೆಯಲ್ಲಿ ಅಡುಗೆ ಮಾಡಿಕೊಂಡು ಎಲ್ಲರನ್ನೂ ನೋಡಿಕೊಳ್ಳುವವಳು. ಗಂಡ ಬಬ್ಬೂರು ಫಾರಂನಲ್ಲಿ ಕೂಲಿ. ಅವಳಿಲ್ಲದಿದ್ದರೆ ಆ ಮನೆ ಒಂದು ದಿನ ನಡೆಯುವುದಿಲ್ಲ, ಮತ್ತು ಅದು ಅವಳಿಗೆ ಚೆನ್ನಾಗಿ ಗೊತ್ತು.

ಟೀ ಲೋಟ ಕೆಳಗಿಟ್ಟು ನೋಡಿದರೆ ಅಣ್ಣ ಇಲ್ಲ. ಹುಡುಗಿ ಅಳಲಿಲ್ಲ, ಕೂಗಲಿಲ್ಲ. ಎದ್ದು ಹೋಗಿ ಗೇಟಿನ ಪಕ್ಕದ ಚಪ್ಪಡಿಯ ಮೇಲೆ ಕೂತಳು. ರಸ್ತೆಯಲ್ಲಿ ಆಟೋ, ಟೆಂಪೊ ಏನೇ ಸದ್ದಾಗಲಿ, ಎದ್ದು ನಿಂತು, ನೈಟಿಯ ಮೇಲೆ ಹೊದ್ದಿದ್ದ ವೇಲಿನ ಎರಡು ತುದಿ ಹಿಡಿದು ಹೊಟ್ಟೆಯ ಮುಂದೆ ಹರಡುತ್ತಿದ್ದಳು. ಗಾಡಿ ಮುಂದೆ ಹೋದ ಮೇಲೆ ಮತ್ತೆ ಕೂರುತ್ತಿದ್ದಳು. ಹಸಿದಿದ್ದಾಳೆ, ಏನೋ ಕೇಳುತ್ತಿದ್ದಾಳೆ ಎಂದುಕೊಂಡು ಅಕ್ಕ ಆ ವೇಲಿಗೆ ಬಾಳೆಹಣ್ಣು ಹಾಕಿದಳು. ಹುಡುಗಿ ಕೊಡವಿಬಿಟ್ಟಳು. ಬಿಸ್ಕತ್ತು ಹಾಕಿದರೂ ಅಷ್ಟೆ. ಪಕ್ಕದ ಮನೆಯವರು ಮೈಸೂರು ಪಾಕು ತಂದು ಹಾಕಿದರು, ಅದು ಮಣ್ಣಿಗೆ ಬಿತ್ತು. ಇವಳ ಕೊಬ್ಬು ನೋಡು ಎಂದು ಅಕ್ಕನಿಗೆ ಸಿಟ್ಟು ಬಂತು. ಮಣ್ಣಿಗೆ ಬಿದ್ದ ಮೈಸೂರು ಪಾಕನ್ನು ನೋಡಿ ನನಗೂ ಬಂತು, ಸುಳ್ಳು ಯಾಕೆ ಹೇಳಲಿ.

ಅವಳು ಊಟ ಮಾಡಲಿಲ್ಲ. ಒಂದು ತುತ್ತು, ಎರಡು ತುತ್ತು, ಆಮೇಲೆ ತಟ್ಟೆ ದೂಡುವುದು. ಮುದ್ದೆ ಮಾಡಿಸಿದೆ. ಹುರುಳಿ ಸಾರು ಮಾಡಿಸಿದೆ. ಅವರ ಕಡೆ ತೆಲುಗು ಹೆಚ್ಚು ಎಂದು ಮೊಬೈಲಿನಲ್ಲಿ ತೆಲುಗು ಹಾಡು ಹಾಕಿಸಿದೆ. ಡಾಕ್ಟರಿಗೆ ತೋರಿಸಿದರೆ ಕಾಯಿಲೆ ಏನೂ ಇಲ್ಲ, ಹೊಂದಿಕೊಳ್ಳಲು ಸಮಯ ಕೊಡಿ ಎಂದರು. ಮಾತ್ರೆಯನ್ನು ನಾಲಿಗೆ ಕೆಳಗಿಟ್ಟುಕೊಂಡು ಆಮೇಲೆ ಉಗುಳುತ್ತಿದ್ದಳು, ಅದರಿಂದ ಫಿಟ್ಸ್ ಹೆಚ್ಚಾಯಿತು. ಕೆನ್ನೆ ಒಳಗೆ ಹೋಯಿತು. ಆ ಮನೆಯಲ್ಲಿ ಮೊದಲಿನಿಂದ ಇರುವ ಒಬ್ಬ ಹಿರಿಯಳು, ಅವಳಿಗೂ ಮಾತು ಅಷ್ಟಕ್ಕಷ್ಟೆ, ದಿನಾ ತನ್ನ ತಟ್ಟೆ ತೆಗೆದುಕೊಂಡು ಹೋಗಿ ಆ ಚಪ್ಪಡಿಯ ಮೇಲೆ ಇವಳ ಪಕ್ಕ ಕೂತು ಉಣ್ಣುತ್ತಿದ್ದಳು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಬಿಸಿಲಿರಲಿ, ಧೂಳಿರಲಿ, ಅಲ್ಲೇ ಊಟ. ಅವಳ ಆ ಋಣವನ್ನು ನಾನು ತೀರಿಸಲಾರೆ.

ನಮ್ಮಲ್ಲಿ ಹೊಸಬರಿಗೆ ಒಂದಷ್ಟು ಕಾಲ ನೋಡುತ್ತೇವೆ. ಹೊಂದಿಕೊಂಡರೆ ಜಾಗ ಖಾಯಂ, ಇಲ್ಲದಿದ್ದರೆ ಮನೆಗೆ ವಾಪಸ್. ಚಿತ್ರದುರ್ಗದ ಆಫೀಸಿನಲ್ಲಿರುವ ನಮ್ಮ ಹಿರಿಯರು ಯುಗಾದಿಯ ತನಕ ನೋಡೋಣ ಎಂದರು. ಹೊಸದುರ್ಗದಲ್ಲಿ ಇನ್ನೊಬ್ಬ ತಾಯಿ ತನ್ನ ಮಗಳಿಗೆ ಜಾಗ ಕೇಳಿ ಕಾಯುತ್ತಿದ್ದಾಳೆ, ಆ ಜಾಗವನ್ನು ಎಷ್ಟು ದಿನ ಹೀಗೆ ಹಿಡಿದಿಡುವುದು ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಆ ಹೊಸದುರ್ಗದ ತಾಯಿ ನನಗೂ ಫೋನು ಮಾಡುತ್ತಿದ್ದಳು, ಜಾಗ ಆಯ್ತೇನ್ರೀ ಮೇಡಂ ಎಂದು ಕೇಳುವಾಗ ಅವಳ ದನಿ ಎಷ್ಟು ಮೆತ್ತಗಿರುತ್ತಿತ್ತು ಎಂದರೆ ನಾನು ಬೈಯುವುದಕ್ಕೂ ಆಗುತ್ತಿರಲಿಲ್ಲ. ಇತ್ತ ಧರ್ಮಪುರದವಳನ್ನು ವಾಪಸ್ ಕಳಿಸಿದರೆ ಅದೇ ಒಲೆ, ಅದೇ ಕೋಲು ಹಿಡಿದ ತಾಯಿ. ಅಡಕತ್ತರಿಯಲ್ಲಿ ಸಿಕ್ಕಿದ ಅಡಿಕೆಯಾದೆ ನಾನು. ಯುಗಾದಿ ಹತ್ತಿರ ಬರುತ್ತಿತ್ತು.

ಹಾಗಿರುವಾಗ ಹಿರಿಯೂರು ಮನೆಯಲ್ಲಿ ಅಕ್ಕನ ಜೊತೆ ಕೆಲಸ ಮಾಡುತ್ತಿದ್ದ ಚಿಕ್ಕ ವಯಸ್ಸಿನ ಹೆಂಗಸು ಬಸುರಿಯಾಗಿದ್ದವಳು ಹೆರಿಗೆಗೆ ತವರಿಗೆ ಹೊರಟಳು. ಅವಳಿಗೆ ಒಂದು ಬ್ಲೌಸ್ ಪೀಸು ಕೊಟ್ಟು ಬರೋಣ ಎಂದು ನಾನೂ ಹೋಗಿದ್ದೆ. ಹಾಗೆ ಬರಿಗೈಯಲ್ಲಿ ಕಳಿಸುವುದುಂಟೇ ಎಂದು ಅಕ್ಕ ಮಡಿಲು ತುಂಬಲು ಎಲ್ಲ ಜೋಡಿಸಿದ್ದಳು. ಮೊರದಲ್ಲಿ ಅಕ್ಕಿ, ತೆಂಗಿನಕಾಯಿ, ಬೆಲ್ಲದಚ್ಚು, ಎಲೆ ಅಡಿಕೆ, ಅರಿಶಿನದ ಕೊಂಬು. ನಮ್ಮ ಕಡೆ ಕೆಲವರು ಉಡಿ ಎನ್ನುತ್ತಾರೆ, ಕೆಲವರು ಮಡ್ಲಕ್ಕಿ ಎನ್ನುತ್ತಾರೆ. ಹೆಸರು ಏನಾದರೂ ಆಗಲಿ, ಹೆಣ್ಣುಮಗಳನ್ನು ಮನೆಯಿಂದ ಕಳಿಸುವಾಗ ಸೆರಗಿಗೆ ಬೊಗಸೆ ತುಂಬ ಅಕ್ಕಿ ಹಾಕಿ ಕಳಿಸುತ್ತಾರೆ. ಈ ಮನೆ ನಿನ್ನದೇ, ಹೋಗಿ ಮತ್ತೆ ಬಾ ಎಂದು ಬಾಯಲ್ಲಿ ಯಾರೂ ಹೇಳುವುದಿಲ್ಲ, ಅಕ್ಕಿಯೇ ಹೇಳುತ್ತದೆ.

ಬಸುರಿ ಮಣೆಯ ಮೇಲೆ ನಿಂತು ಸೆರಗು ಒಡ್ಡಿದಳು. ಅಕ್ಕ ಮೊದಲ ಬೊಗಸೆ ತುಂಬುವ ಹೊತ್ತಿಗೆ ಗೇಟಿನಿಂದ ಹುಡುಗಿ ಎದ್ದು ಬಂದಳು. ಬಂದ ದಿನದಿಂದ ಯಾರೂ ಕರೆಯದೆ ಅವಳು ಆ ಚಪ್ಪಡಿ ಬಿಟ್ಟು ಬಂದದ್ದು ಅದೇ ಮೊದಲು. ಬಂದವಳು ಬಸುರಿಯ ಪಕ್ಕ ನಿಂತು, ವೇಲಿನ ಎರಡು ತುದಿ ಹಿಡಿದು ಹೊಟ್ಟೆಯ ಮುಂದೆ ಹರಡಿದಳು. ಅಕ್ಕ ನಕ್ಕು, ನಿಂಗೂ ಬೇಕೇನೇ, ನಿಂಗೆ ಎಷ್ಟು ತಿಂಗಳು ಎಂದು ತಮಾಷೆ ಮಾಡಿ ಒಂದು ಬೊಗಸೆ ಅಕ್ಕಿ ಹಾಕಿದಳು. ಎಲ್ಲರೂ ನಕ್ಕರು. ಹುಡುಗಿ ಈ ಸಲ ಕೊಡವಲಿಲ್ಲ. ಅಕ್ಕಿಯನ್ನೇ ನೋಡಿದಳು, ಅಕ್ಕನ ಮುಖ ನೋಡಿದಳು, ಆಮೇಲೆ ಒಂದು ಕಾಳೂ ಕೆಳಗೆ ಬೀಳದ ಹಾಗೆ ಅಷ್ಟನ್ನೂ ಮೊರಕ್ಕೆ ವಾಪಸ್ ಸುರಿದು "ಅವ್ವ" ಎಂದಳು. ನಾವು ನಗುವುದನ್ನು ನಿಲ್ಲಿಸಿದೆವು.

ಅವಳು ಇಷ್ಟು ದಿನ ತಿಂಡಿ ಕೇಳಿರಲಿಲ್ಲ. ತಾಯಿ ಬಂದು ಮಡಿಲು ತುಂಬಲಿ ಎಂದು ಕಾಯುತ್ತಿದ್ದಳು. ನಾವೋ ಬಿಸ್ಕತ್ತು ಹಾಕುತ್ತಿದ್ದೆವು.

ಅಲ್ಲೇ ನಿಂತು ಅಣ್ಣನ ನಂಬರಿಗೆ ಫೋನು ಮಾಡಿ ತಾಯಿಗೆ ಕೊಡಿಸಿಕೊಂಡೆ. ನಡೆದದ್ದನ್ನು ಹೇಳಿದೆ. ಆಮೇಲೆ ತಾಯಿ ನಿಧಾನವಾಗಿ ಹೇಳಿದಳು. ಅವಳಿಗೆ ಇನ್ನೂ ಇಬ್ಬರು ಹೆಣ್ಣುಮಕ್ಕಳಿದ್ದಾರೆ, ಇಬ್ಬರೂ ಮದುವೆಯಾಗಿ ಹೋದವರು. ಹಬ್ಬಕ್ಕೆ ಬಂದು ಹೋಗುವಾಗ ಅವರ ಸೋದರತ್ತೆ ಬಂದು ಮಡಿಲು ತುಂಬುತ್ತಾಳೆ. ಆಗ ಪಕ್ಕದಲ್ಲಿ ಮೊರ ಹಿಡಿದು ನಿಲ್ಲುವುದು ಯಾವಾಗಲೂ ಈ ಹುಡುಗಿಯೇ. ಮನೆಯಲ್ಲಿ ಅವಳಿಗೆಂದೇ ಇದ್ದ ಕೆಲಸ ಅದು, ಬೇರೆ ಯಾರಾದರೂ ಮೊರ ಮುಟ್ಟಿದರೆ ಕಿತ್ತುಕೊಳ್ಳುತ್ತಿದ್ದಳಂತೆ.

"ಇವ್ಳನ್ನ ಕಳ್ಸಾಗ ಯಾರಿಗೂ ನೆಪ್ಪೇ ಆಗ್ಲಿಲ್ಲ ಕಣ್ರೀ," ಎಂದಳು ತಾಯಿ. "ಕರ್ಕಂಡು ಬರ್ರಿ."

ಮಡಿಲಕ್ಕಿ ಇಲ್ಲದೆ ತವರಿನಿಂದ ಹೊರಟ ಹೆಣ್ಣೆಂದರೆ ಒಂದೋ ಜಗಳ ಆಡಿ ಹೊರಟವಳು, ಇಲ್ಲವೇ ಮನೆಯವರೇ ಹೊರಗೆ ಹಾಕಿದವಳು. ಓದು ಬರಹ ತಿಳಿಯದ, ಗಡಿಯಾರ ತಿಳಿಯದ ಆ ಹುಡುಗಿಗೆ ಇಷ್ಟು ಮಾತ್ರ ಚೆನ್ನಾಗಿ ತಿಳಿದಿತ್ತು. ಅಕ್ಕಂದಿರನ್ನು ಕಳಿಸಿದಾಗಲೆಲ್ಲ ನೋಡಿದ್ದಳಲ್ಲ.

ಆಫೀಸಿನ ಹಿರಿಯರಿಗೆ ಹೇಳಿದರೆ ಅವರು ಬೇಡ ಎಂದರು. ಮನೆಯ ರುಚಿ ಕಂಡ ಮೇಲೆ ಅವಳು ಮತ್ತೆ ಬಸ್ಸು ಹತ್ತುತ್ತಾಳೆಯೇ, ಹತ್ತದಿದ್ದರೆ ಎಳೆದುಕೊಂಡು ಬರುವಂತಿಲ್ಲ, ಅಲ್ಲಿಗೆ ಜಾಗ ಹೊಸದುರ್ಗದವಳಿಗೆ ಹೋಯಿತೆಂದೇ ಲೆಕ್ಕ, ಯೋಚನೆ ಮಾಡಿ ಎಂದರು. ಯೋಚನೆ ಮಾಡಿದೆ. ಇಲ್ಲಿದ್ದರೂ ಹುಡುಗಿ ಗೇಟಿನ ಪಕ್ಕ ಒಣಗಿ ಹೋಗುತ್ತಾಳೆ. ಮಾರನೆಯ ದಿನ ಬೆಳಿಗ್ಗೆ ಅವಳನ್ನು ಕರೆದುಕೊಂಡು ಧರ್ಮಪುರದ ಬಸ್ಸು ಹತ್ತಿದೆ. ಅವಳ ಸೊರಗಿದ ಮುಖ ನೋಡಿ ಕಂಡಕ್ಟರು ಮುಂದಿನ ಸೀಟಿನ ಇಬ್ಬರು ಹುಡುಗರನ್ನು ಎಬ್ಬಿಸಿ ಕುಂತ್ಕಳ್ರಿ ಎಂದ. ದಾರಿಯುದ್ದಕ್ಕೂ ನಾನು ಒಳಗೊಳಗೇ ಕಂಡ ದೇವರಿಗೆಲ್ಲ ಹರಕೆ ಹೊತ್ತೆ. ಅವಳು ಕಿಟಕಿಗೆ ಮುಖ ಒತ್ತಿಕೊಂಡು ಕೂತಿದ್ದಳು.

ಊರಿನ ಸ್ಟಾಪಿನಲ್ಲಿ ಇಳಿದದ್ದೇ ತಡ, ನನ್ನ ಕೈ ಬಿಡಿಸಿಕೊಂಡು ಓಡಿದಳು. ನಾನು ಏದುಸಿರು ಬಿಡುತ್ತ ಮನೆ ಮುಟ್ಟುವ ಹೊತ್ತಿಗೆ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ತಾಯಿ ಅವಳ ತಲೆ ಸವರುತ್ತ, ಸೊರಗಿ ಹೋಗಿದ್ದಾಳೆ ಎಂದು ಅಳುತ್ತಿದ್ದಳು. ಮಧ್ಯಾಹ್ನ ತಾಯಿಯ ಪಕ್ಕ ಕೂತು ಹುಡುಗಿ ಮುದ್ದೆ ಉಂಡಳು, ಮತ್ತೆ ಹಾಕಿಸಿಕೊಂಡು ಉಂಡಳು. ನನಗೆ ಸಂತೋಷವೂ ಆಯಿತು, ಹೆದರಿಕೆಯೂ ಆಯಿತು. ಹಿರಿಯರು ಹೇಳಿದ್ದೇ ನಿಜವಾಗುತ್ತದೆ, ಇನ್ನು ಇವಳು ಯಾಕೆ ಬರುತ್ತಾಳೆ ಎಂದುಕೊಂಡೆ.

ಸಂಜೆಯ ಬಸ್ಸಿಗೆ ಹೊತ್ತಾಯಿತು. ನಾನು ಬ್ಯಾಗು ತೆಗೆದುಕೊಂಡು ಎದ್ದೆ. ಯಾರೂ ಹುಡುಗಿಗೆ ಏನೂ ಹೇಳಲಿಲ್ಲ. ಅವಳೇ ಒಳಗೆ ಹೋಗಿ, ಗೋಡೆಯ ಮೊಳೆಗೆ ನೇತುಹಾಕಿದ್ದ ಮೊರ ತಂದು ತಾಯಿಯ ಮುಂದಿಟ್ಟಳು. ಹೊಸಿಲ ಹತ್ತಿರ ಹೋಗಿ ನಿಂತು ವೇಲು ಹರಡಿದಳು.

ಅಷ್ಟು ಹೊತ್ತಿಗೆ ಕೆಲಸ ಮುಗಿಸಿ ಅಣ್ಣನೂ ಬಂದಿದ್ದ, ಸೋದರತ್ತೆಯೂ ಬಂದಿದ್ದಳು. ಹಣೆ ತುಂಬ ಕುಂಕುಮವಿಟ್ಟ, ಗಟ್ಟಿ ಹೆಂಗಸು. ಮಡಿಲು ತುಂಬಬೇಕಾದವಳು ಅವಳೇ. ಅವಳು ಮೊರವನ್ನೂ ಹುಡುಗಿಯನ್ನೂ ನೋಡಿ, ಮದುವೆಯಾಗದವಳಿಗೆ ಮಡಿಲು ತುಂಬುವುದು ಎಲ್ಲಿಯ ಪದ್ಧತಿ ಎಂದಳು. ಗಂಡನ ಮನೆಗೆ ಹೋಗುವವಳಿಗೆ ತುಂಬುತ್ತಾರೆ, ಇವಳು ಹೋಗುತ್ತಿರುವುದು ಯಾರ ಮನೆಗೆ, ಹೀಗೆ ಮಾಡಿ ಮನೆಗೆ ಏನಾದರೂ ಕೇಡಾದರೆ ಯಾರು ಹೊಣೆ ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಅವಳಿಗೆ ನಿಜವಾಗಿಯೂ ಹೆದರಿಕೆಯಿತ್ತು. ಆದರೆ ನನ್ನ ಸಿಟ್ಟಿಗೆ ಅದೆಲ್ಲ ತಿಳಿಯುತ್ತದೆಯೇ? ಹೊಸಿಲ ಹತ್ತಿರ ಆ ಹುಡುಗಿ ವೇಲು ಹಿಡಿದ ಕೈ ಇಳಿಸದೆ ನಿಂತಿದ್ದಳು. ನನಗೆ ತಡೆಯಲಾಗಲಿಲ್ಲ.

"ಅಮ್ಮಾ, ಗಂಡನ ಮನೆಗೆ ಹೋಗೋರು ಮಾತ್ರ ತವರು ಬಿಟ್ಟು ಹೋಗೋದೇನು? ಇವಳೂ ಬಿಟ್ಟು ಹೋಗ್ತಾ ಇದ್ದಾಳೆ. ಅಕ್ಕಂದಿರಿಗಾದ್ರೆ ಅಲ್ಲಿ ಗಂಡ ಇದ್ದಾನೆ, ಇವಳಿಗೆ ಅಲ್ಲಿ ಯಾರೂ ಇಲ್ಲ. ಯಾರಿಗೆ ಜಾಸ್ತಿ ಬೇಕು ಹೇಳಿ ನೋಡೋಣ."

ಅತ್ತೆ ಮುಖ ತಿರುಗಿಸಿದಳು. ನಾನು ತಾಯಿಯ ಕಡೆ ನೋಡಿದರೆ ಅವಳು ತನ್ನ ಬೋಳು ಕೈಗಳನ್ನೇ ನೋಡಿಕೊಳ್ಳುತ್ತಿದ್ದಳು. ಗಂಡ ಸತ್ತವಳು ಮಡಿಲು ತುಂಬುವಂತಿಲ್ಲ. ಸ್ವಂತ ಹೆಣ್ಣುಮಕ್ಕಳಿಗೆ ಮಡಿಲು ತುಂಬುವಾಗಲೂ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿರುತ್ತಿದ್ದಳಂತೆ. ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ನು ಕೇಳಿಸಿತು. ಅಕ್ಕಪಕ್ಕದವರು ಬಾಗಿಲಲ್ಲಿ ಸೇರಿದ್ದರು. ಹುಡುಗಿ ಒಂದೇ ಸಲ "ಅವ್ವ" ಎಂದಳು.

ತಾಯಿ ಕೋಲು ಊರಿಕೊಂಡು ಎದ್ದಳು. ಅಕ್ಕಿಯ ಡಬ್ಬಿಯನ್ನೇ ಎಳೆದು ತಂದು ಮೊರಕ್ಕೆ ಸುರಿದಳು. ಅತ್ತೆ ತಡೆಯಲು ಬಂದರೆ, ದನಿಯೇರಿಸದೆ ಹೇಳಿದಳು.

"ಹೆತ್ತಾಗ ಇದೇ ಕೈಲೇ ಎತ್ಕಂಡಿದ್ದು. ಆವಾಗ ಯಾರೂ ಬ್ಯಾಡ ಅನ್ಲಿಲ್ಲ."

ಕೋಲನ್ನು ಗೋಡೆಗೆ ಒರಗಿಸಿ, ಬಾಗಿಲ ಚೌಕಟ್ಟಿಗೆ ಭುಜ ಕೊಟ್ಟು ನಿಂತು, ಎರಡು ಕೈಯಲ್ಲೂ ಬೊಗಸೆ ಮಾಡಿ ತುಂಬಿದಳು. ಅಕ್ಕಿ, ಒಂದು ಕಾಯಿ, ಬೆಲ್ಲ, ಮನೆಯಲ್ಲಿದ್ದ ಒಣಗಿದ ಎಲೆ ಅಡಿಕೆ. ಹುಡುಗಿ ಅಕ್ಕಂದಿರು ಮಾಡುತ್ತಿದ್ದ ಹಾಗೆಯೇ ವೇಲನ್ನು ಸೊಂಟಕ್ಕೆ ಸುತ್ತಿ ಗಂಟು ಹಾಕಿಕೊಂಡಳು. ದೇವರ ಗೂಡಿಗೆ ಕೈ ಮುಗಿದಳು. ಆಮೇಲೆ ನನ್ನನ್ನೂ ಕಾಯದೆ ಮೆಟ್ಟಿಲಿಳಿದು ಬಸ್ಸಿನ ಕಡೆ ನಡೆದಳು. ನಾನೇ ಅವಳ ಹಿಂದೆ ಓಡಬೇಕಾಯಿತು.

ಡ್ರೈವರು ಗಾಡಿ ನಿಲ್ಲಿಸಿಕೊಂಡು ಕಾದ. ಅವಳು ಅಲ್ಲಿ ಊಟ ಮಾಡುವುದನ್ನು ಕಣ್ಣಾರೆ ನೋಡಬೇಕು ಎಂದು ತಾಯಿಯೂ ಹೊರಟಳು. ಸೊಂಟ ನೋವು ಎಂದರೆ ಇರಲಿ ಎಂದಳು. ಅಣ್ಣ ಅವಳನ್ನು ಎತ್ತಿ ಸೀಟಿನಲ್ಲಿ ಕೂರಿಸಿ, ನಾಡಿದ್ದು ಟೆಂಪೊ ತಂದು ಕರೆದುಕೊಂಡು ಬರುತ್ತೇನೆ ಎಂದ. ಬಸ್ಸು ಹೊರಡುವ ಹೊತ್ತಿಗೆ ಸೋದರತ್ತೆ ಓಡೋಡಿ ಬಂದು, ಕಿಟಕಿಯಿಂದ ಹುಡುಗಿಯ ಮಡಿಲಿಗೆ ಒಂದು ಹಸಿರು ಬ್ಲೌಸ್ ಪೀಸು ತುರುಕಿದಳು. ನನ್ನ ಮುಖ ಮಾತ್ರ ನೋಡಲಿಲ್ಲ. ನೋಡದಿದ್ದರೆ ಬೇಡ, ಆ ಹೆಂಗಸಿಗೆ ನಾನು ಇವತ್ತಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಅಷ್ಟು ವರ್ಷ ನಂಬಿದ್ದನ್ನು ಒಂದು ಗಳಿಗೆಯಲ್ಲಿ ಪಕ್ಕಕ್ಕಿಟ್ಟು ಓಡಿ ಬರುವುದು ಸುಲಭವಲ್ಲ.

ಹಿರಿಯೂರಿನಲ್ಲಿ ಆಟೋದಿಂದ ಇಳಿದವಳು ಗೇಟು ತಳ್ಳಿಕೊಂಡು ಸೀದಾ ಅಡುಗೆಮನೆಗೆ ಹೋದಳು. ಮಡಿಲ ಗಂಟು ಬಿಚ್ಚಿ ಅಕ್ಕಿಯನ್ನೆಲ್ಲ ಅಕ್ಕನ ಮುಂದೆ ಸುರಿದಳು. ಅಕ್ಕನಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ. ಅದನ್ನೇ ತೊಳೆದು ಒಲೆಗಿಟ್ಟು, ಬೆಲ್ಲ ಕಾಯಿ ಹಾಕಿ ಪಾಯಸವನ್ನೂ ಮಾಡಿದಳು. ಎಲ್ಲರೂ ಸಾಲಾಗಿ ಕೂತರು. ಹುಡುಗಿ, ಇಷ್ಟು ದಿನ ಚಪ್ಪಡಿಯ ಮೇಲೆ ತನ್ನ ಜೊತೆ ಕೂತು ಉಂಡ ಹಿರಿಯಳ ಪಕ್ಕದಲ್ಲಿ ಕೂತು, ತಟ್ಟೆ ಬೆರಳಲ್ಲಿ ಬಳಿದು ಉಂಡಳು. ಮಾತ್ರೆಯನ್ನೂ ನುಂಗಿ, ಬಾಯಿ ತೆರೆದು ತೋರಿಸಿದಳು. ನನಗೆ ಅಳು ಬಂತು. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದರೆ ಅಕ್ಕ, ಏನು ಮೇಡಂ ಸಾರು ಖಾರ ಆಯ್ತಾ ಎಂದು ಕಾಲೆಳೆದಳು. ಅವಳ ಕಣ್ಣೂ ಕೆಂಪಗೇ ಇತ್ತು.

ಈ ಕೆಲಸ ಏನು ಕೊಟ್ಟಿತು ಎಂದು ಯಾರಾದರೂ ಕೇಳಿದರೆ ನಾನು ಆ ಊಟವನ್ನು ನೆನೆಯುತ್ತೇನೆ. ತವರಿನ ಅಕ್ಕಿಯನ್ನು ಆ ಮನೆಯವರೆಲ್ಲ ಉಂಡೆವು, ನಾನೂ ಉಂಡೆ. ನನ್ನ ಸ್ವಂತ ಮಡಿಲಿಗೂ ಎಷ್ಟೋ ಸಲ ಅಕ್ಕಿ ಬಿದ್ದಿದೆ, ತಂದು ಡಬ್ಬಿಗೆ ಸುರಿದು ಮರೆತಿದ್ದೇನೆ. ಅದರ ಬೆಲೆ ನನಗೆ ಗೊತ್ತಾದದ್ದು ಅವಳಿಂದ. ದೇವರು ದೊಡ್ಡವನು ಎಂದು ಹೇಳಿ ಸುಮ್ಮನಾಗಬಹುದು. ಆದರೆ ನಾನು ದೇವರಿಗಿಂತ ಮೊದಲು ಆ ಹುಡುಗಿಗೆ, ಆಮೇಲೆ ಆ ತಾಯಿಗೆ, ಆಮೇಲೆ ಬಿಸಿಲಲ್ಲಿ ಕೂತು ಉಂಡ ಆ ಹಿರಿಯಳಿಗೆ ಋಣಿ. ಹೊಸದುರ್ಗದ ತಾಯಿಯ ಮಗಳಿಗೂ ಮಳೆಗಾಲದ ಹೊತ್ತಿಗೆ ಹೊಳಲ್ಕೆರೆಯ ಮನೆಯಲ್ಲಿ ಜಾಗವಾಯಿತು. ಈ ಸಲ ಮೊದಲೇ ಫೋನು ಮಾಡಿ, ಮಡಿಲು ತುಂಬಿಯೇ ಕರೆದುಕೊಂಡು ಬರ್ರಿ ಎಂದು ಹೇಳಿದೆ. ಯಾಕೆ ಎಂದು ಅವಳು ಕೇಳಲಿಲ್ಲ, ಅತ್ತುಬಿಟ್ಟಳು.

ಆ ಊಟವಾದ ಮಾರನೆಯ ದಿನವೆಲ್ಲ ಧರ್ಮಪುರದ ತಾಯಿ ಹಿರಿಯೂರಿನ ಮನೆಯಲ್ಲೇ ಉಳಿದುಕೊಂಡು ಎಲ್ಲವನ್ನೂ ನೋಡಿದಳು. ಮಗಳು ಮಲಗುವ ಮಂಚ, ಸ್ನಾನದ ಮನೆ, ಬೆಂಕಿಯ ಹತ್ತಿರ ಯಾರೂ ಹೋಗದ ಹಾಗೆ ಗ್ಯಾಸ್ ಕಟ್ಟೆಗೆ ಹಾಕಿದ್ದ ಚಿಲಕದ ಬಾಗಿಲು. ಚಿಲಕವನ್ನು ಎಳೆದು ಎಳೆದು ನೋಡಿದಳು. ಹೊರಡುವ ದಿನ ಬೆಳಿಗ್ಗೆ ಅಣ್ಣ ಟೆಂಪೊ ತಂದು ಗೇಟಿನ ಮುಂದೆ ನಿಲ್ಲಿಸಿದ. ಹುಡುಗಿ ಸ್ನಾನಕ್ಕೆ ಹೋಗಿದ್ದಳು. ಈಗಲೇ ಹೊರಟುಬಿಡಿ, ಅವಳು ಬರುವಷ್ಟರಲ್ಲಿ ಎಂದು ಅಣ್ಣ ಅವಸರ ಮಾಡಿದ. ಅಕ್ಕನೂ ಹಳೆಯ ಅಭ್ಯಾಸಬಲದಿಂದ ಹೌದು ಹೌದು ಎಂದು ತಲೆಯಾಡಿಸಿದಳು. ತಾಯಿ ಆಗಲ್ಲ ಎಂದಳು. ಹೇಳಿಯೇ ಹೋಗುತ್ತೇನೆ, ಅತ್ತರೆ ಅಳಲಿ ಎಂದು ಜಗಲಿಯ ಮೇಲೆ ಕೂತಳು.

ಹುಡುಗಿ ತಲೆ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಟೆಂಪೊ ನೋಡಿದಳು, ತಾಯಿಯ ಕೈಯಲ್ಲಿದ್ದ ಚೀಲ ನೋಡಿದಳು. ನಾನು ಹೋಗ್ತೀನಿ ಕಣವ್ವ, ಹಬ್ಬಕ್ಕೆ ಕರೆಸ್ಕಂತೀನಿ ಎಂದು ತಾಯಿ ಹೇಳಿದಳು. ಹುಡುಗಿ ತಿರುಗಿ ಒಳಗೆ ಹೋದಳು. ಬ್ಯಾಗು ತುಂಬಿಕೊಂಡು ತಾನೂ ಹೊರಟು ಬರುತ್ತಾಳೆ, ಎಲ್ಲ ಮುಗಿಯಿತು ಎಂದುಕೊಂಡೆ ನಾನು. ಅಕ್ಕ ಬಾಯಿಗೆ ಸೆರಗು ಒತ್ತಿಕೊಂಡಳು.

ಅವಳು ಬಂದಾಗ ಕೈಯಲ್ಲಿದ್ದದ್ದು ನಮ್ಮ ಅಡುಗೆಮನೆಯ ಮೊರ. ಅದರ ತುಂಬ ನಮ್ಮ ಡಬ್ಬಿಯ ಅಕ್ಕಿ. ತಾಯಿಯ ಮುಂದೆ ಬಂದು ನಿಂತಳು.

ತಾಯಿಗೆ ಮೊದಲು ತಿಳಿಯಲಿಲ್ಲ. ತಿಳಿದದ್ದೇ ಹಿಂದಕ್ಕೆ ಸರಿದಳು.

"ಬ್ಯಾಡ ಕಣವ್ವ. ನಂಗೆ ತುಂಬ್ಬಾರ್ದು."

ಹುಡುಗಿ ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಮೊರವನ್ನು ಜಗಲಿಯ ಮೇಲಿಟ್ಟು, ತಾಯಿಯ ಸೆರಗಿನ ತುದಿ ಎಳೆದು ಹರಡಿ, ಅದನ್ನು ಹಿಡಿದುಕೊಳ್ಳುವ ಹಾಗೆ ತಾಯಿಯ ಎರಡು ಕೈಗಳನ್ನೂ ಒಂದೊಂದಾಗಿ ತಂದು ಇಟ್ಟಳು. ಬೊಗಸೆ ಮಾಡಿ ಅಕ್ಕಿ ತುಂಬಿದಳು. ಮನೆಯಿಂದ ಹೊರಡುತ್ತಿರುವವಳು ಅವ್ವ, ಮನೆಯಲ್ಲಿ ಉಳಿಯುವವಳು ತಾನು. ಅವಳಿಗೆ ಗೊತ್ತಿದ್ದ ನಿಯಮ ಅಷ್ಟೆ, ಬೇರೆ ಯಾವ ನಿಯಮವೂ ಅವಳಿಗೆ ಗೊತ್ತಿರಲಿಲ್ಲ.

"ನಮ್ಮನೆಯವ್ರು ಹೋದ್ಮ್ಯಾಲೆ ನನ್ ಮಡ್ಲಿಗೆ ಯಾರೂ ಒಂದು ಕಾಳು ಹಾಕಿರ್ಲಿಲ್ಲ," ಎಂದು ತಾಯಿ ನನಗೆ ಹೇಳಿದಳು, ಮತ್ತೆ ಅದನ್ನೇ ಅಕ್ಕನಿಗೂ ಹೇಳಿದಳು.

ಎರಡು ಕೈಯಲ್ಲೂ ಮಡಿಲು ಹಿಡಿದಿದ್ದರಿಂದ ಕೋಲು ಹಿಡಿಯಲು ಅವಳಿಗೆ ಕೈಯಿರಲಿಲ್ಲ. ಕೋಲನ್ನು ನಾನು ತೆಗೆದುಕೊಂಡೆ. ಮಗಳು ತಾಯಿಯ ತೋಳು ಹಿಡಿದು, ಒಂದೊಂದೇ ಹೆಜ್ಜೆ ನಡೆಸಿಕೊಂಡು ಟೆಂಪೊ ತನಕ ಹೋಗಿ, ಅಣ್ಣನ ಜೊತೆ ಸೇರಿ ಮೇಲಕ್ಕೆ ಹತ್ತಿಸಿ, ಅಕ್ಕಿ ಚೆಲ್ಲದ ಹಾಗೆ ಸೆರಗು ಸರಿಮಾಡಿದಳು. "ಬಾ" ಎಂದಳು. ಬರ್ತೀನಿ ಕಣವ್ವ ಎಂದಳು ತಾಯಿ. ಗಾಡಿ ತಿರುವು ದಾಟುವ ತನಕ ಹುಡುಗಿ ನಿಂತಿದ್ದಳು. ಆಮೇಲೆ ಒಳಗೆ ಬಂದು, ಮೊರದಲ್ಲಿ ಉಳಿದಿದ್ದ ಅಕ್ಕಿಯನ್ನು ಡಬ್ಬಿಗೆ ಸುರಿದು ಮುಚ್ಚಳ ಹಾಕಿದಳು.